ಅಜ್ಜನ ಹೆಸರೂ ಸರ್ಕಾರದ ದಫ್ತರವೂ

೨೦೨೫ನೆಯ ಇಸವಿ ಜೂನ್ ೧೬ರ ಗೆಜೆಟ್ಟಿನಲ್ಲಿ ಭಾರತ ಸರ್ಕಾರದವರು ಮುಂದಿನ ಜನಗಣತಿಯ ವಿಷಯವನ್ನು ಪ್ರಕಟಿಸಿದರು. ೨೦೨೧ರಲ್ಲಿ ನಡೆಯಬೇಕಾಗಿದ್ದ ಗಣತಿಯು ಮಹಾಮಾರಿಯ ಕಾರಣದಿಂದ ನಿಂತು, ಬಳಿಕ ಮತ್ತೆ ಮತ್ತೆ ಮುಂದಕ್ಕೆ ಹೋಗಿ, ಕಡೆಗೆ ೨೦೨೭ರ ಮಾರ್ಚ್ ೧ನೆಯ ತಾರೀಖನ್ನು ಎಣಿಕೆಗೆ ಆಧಾರವಾದ ದಿನವೆಂದು ಗೊತ್ತುಮಾಡಿದ್ದಾಯಿತು. ಹಿಮ ಬೀಳುವ ಪ್ರಾಂತಗಳಿಗೆ ಮಾತ್ರ ೨೦೨೬ರ ಅಕ್ಟೋಬರ್ ೧. ೧೯೩೧ರ ವರದಿಯೊಡನೆ ನಿಂತುಹೋಗಿದ್ದ ಜಾತಿವಾರು ಲೆಕ್ಕವನ್ನು ಈ ಸಲ ಮತ್ತೆ ತೆಗೆಯತಕ್ಕದ್ದೆಂಬ ತೀರ್ಮಾನವು ೨೦೨೫ರ ಏಪ್ರಿಲ್ ೩೦ರಂದೇ ಆಗಿದ್ದಿತು. ಈ ಜಾತಿಯ ಅಂಕಣವನ್ನು ಕುರಿತು ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ನಡೆದಿರುವ ವಾದ ಪ್ರತಿವಾದಗಳಿಗೆ ಲೆಕ್ಕವಿಲ್ಲ. ಆದರೆ ಎಣಿಕೆಯೆಲ್ಲ ಮುಗಿದ ಮೇಲೆ, ಮನೆಮನೆಯಲ್ಲಿ ಬರೆಯಿಸಿದ ಹೆಸರುಗಳ ಗತಿ ಏನಾಗುವುದೆಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಅಂಕಿಗಳಿಗಾಗಿ ಹೊಡೆದಾಡುವ ನಾವು ಹೆಸರುಗಳ ವಿಷಯದಲ್ಲಿ ಇಷ್ಟು ಉದಾಸೀನರಾಗಿರುವುದು ಸರಿಯೇ ಎಂಬುದನ್ನು ಇಂದು ವಿಚಾರಿಸಬೇಕೆಂದಿದ್ದೇವೆ.

ಪೂರ್ವಿಕರ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳುವುದು ನಮ್ಮ ದೇಶಕ್ಕೆ ಹೊಸದಲ್ಲ. ಶ್ರಾದ್ಧ ಮಾಡುವಾತನು ತಂದೆ, ತಾತ, ಮುತ್ತಾತ ಎಂದು ಮೂರು ತಲೆಗಳನ್ನು ಹೆಸರು ಗೋತ್ರಗಳ ಸಹಿತವಾಗಿ ಹೇಳಲೇಬೇಕು. ನಾಲ್ಕನೆಯ ತಲೆಯನ್ನು ಕೇಳಿದರೆ ಬಹುಮಂದಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಒಕ್ಕಲು ಮನೆಗಳಿಗಾದರೋ ಹೆಳವರಿದ್ದಾರೆ. ಎತ್ತನ್ನೇರಿ ಸುಗ್ಗಿಯ ಕಾಲಕ್ಕೆ ಬಾಗಿಲಿಗೆ ಬಂದು, ಮೂಲಪುರುಷನಿಂದ ಮೊದಲುಮಾಡಿ ವಂಶಾವಳಿಯನ್ನು ಹೇಳಿ, ಈಚೆಗೆ ಹುಟ್ಟಿದ ಮಕ್ಕಳ ಹೆಸರನ್ನು ಸೇರಿಸಿಕೊಂಡು, ಕೊಟ್ಟ ಧಾನ್ಯವನ್ನು ಕಟ್ಟಿಕೊಂಡು ಹೋಗುವ ಈ ಜನರಷ್ಟು ನಿಷ್ಠೆಯಿಂದ ದಫ್ತರವಿಟ್ಟವರು ಸರ್ಕಾರಿ ಕಛೇರಿಗಳಲ್ಲಿಯೂ ಕಡಿಮೆ. ಗಯೆ, ಹರಿದ್ವಾರಗಳ ಪಂಡರ ಬಹಿಗಳೂ ಇದೇ ಬಗೆಯವು. ಭೂಮಿಯಿದ್ದವನ ಹೆಸರು ಶಾನುಭೋಗನ ಲೆಕ್ಕದಲ್ಲಿಯೂ, ರಾಜರ ಮತ್ತು ದಾನಿಗಳ ಹೆಸರು ಶಿಲಾಶಾಸನಗಳಲ್ಲಿಯೂ ಉಳಿದಿದೆ.

ಇವೆಲ್ಲವೂ ಕೊಡುವ ಕೈಯುಳ್ಳವರ ಕಥೆ. ಯಾತ್ರೆ ಹೋಗಲಾರದವನ, ಹೆಳವನಿಗೆ ಒಂದು ಮೊರ ರಾಗಿಯನ್ನು ನೀಡಲಾರದವನ, ಒಂದು ಗುಂಟೆಯ ಪಟ್ಟೆಯೂ ಇಲ್ಲದ ಕೂಲಿಯ, ಬಂಧುಗಳಿಲ್ಲದ ವಿಧವೆಯ ಹೆಸರನ್ನು ಯಾರು ಬರೆದಿಟ್ಟರು? ನಮ್ಮ ಹಿರಿಯರು ಖಾನೇಷುಮಾರಿ ಎಂದು ಕರೆಯುತ್ತಿದ್ದ ಆ ಒಂದು ಲೆಕ್ಕವು ಮಾತ್ರವೇ ಅರಮನೆಗೂ ಗುಡಿಸಲಿಗೂ ಸಮನಾಗಿ ಹೋಗಿ, ದಕ್ಷಿಣೆಯನ್ನು ಕೇಳದೆ, ಒಳಗಿದ್ದವರ ಹೆಸರನ್ನೂ ವಯಸ್ಸನ್ನೂ ಕಸುಬನ್ನೂ ಬರೆದುಕೊಂಡಿತು. ಬರೆದುಕೊಂಡ ಮೇಲೆ ಏನು ಮಾಡಿತೆಂಬುದನ್ನು ಹೇಳುವ ಮೊದಲು ಅನ್ಯದೇಶಗಳ ರೀತಿಯನ್ನು ನೋಡೋಣ.

ಇಂಗ್ಲೆಂಡಿನಲ್ಲಿ ೧೮೪೧ರ ಗಣತಿಯಿಂದ ಮನೆಮನೆಯ ಹೆಸರುಗಳ ಪುಸ್ತಕಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ನೂರು ವರ್ಷಗಳವರೆಗೆ ಬೀಗ. ಬಳಿಕ ಯಾರು ಬೇಕಾದರೂ ನೋಡಬಹುದು. ೧೯೨೧ರ ಪತ್ರಗಳು ೨೦೨೨ರ ಜನವರಿಯಲ್ಲಿ ಹೊರಬಂದುವು. ೧೯೩೧ರವು ೧೯೪೨ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾದುವು. ಯುದ್ಧದ ದೆಸೆಯಿಂದ ೧೯೪೧ರಲ್ಲಿ ಗಣತಿಯೇ ನಡೆಯಲಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈ ಅವಧಿ ಎಪ್ಪತ್ತೆರಡು ವರ್ಷ. ೧೯೫೦ರ ಪತ್ರಗಳನ್ನು ೨೦೨೨ರ ಏಪ್ರಿಲ್ ೧ರಂದು ತೆರೆದರು. ಅಲ್ಲಿಯ ನೀಗ್ರೋ ಗುಲಾಮರ ಸಂತತಿಯವರು ತಮ್ಮ ವಂಶವನ್ನು ಹುಡುಕುತ್ತ ಹೋದರೆ ೧೮೭೦ರ ಗಣತಿಯಲ್ಲಿ ಒಂದು ಗೋಡೆಯನ್ನು ಕಾಣುತ್ತಾರೆ. ೧೮೫೦ರಲ್ಲಿಯೂ ೧೮೬೦ರಲ್ಲಿಯೂ ಗುಲಾಮರಿಗೆ ಬೇರೆ ಪಟ್ಟಿ; ಅದರಲ್ಲಿ ಒಡೆಯನ ಹೆಸರಿದೆ, ಅವನ ಕೆಳಗೆ ವಯಸ್ಸು, ಲಿಂಗ, ಬಣ್ಣಗಳಿವೆ, ಗುಲಾಮನ ಹೆಸರು ಇಲ್ಲ. ಬಿಡುಗಡೆಯಾದ ಮೇಲೆ ಬಂದ ೧೮೭೦ರ ಪುಸ್ತಕದಲ್ಲಿಯೇ ಆ ಲಕ್ಷಾಂತರ ಜನರು ಮೊದಲನೆಯ ಸಲ ಹೆಸರುಳ್ಳ ಮನುಷ್ಯರಾದರು. ಗಣತಿಯ ಕಾಗದದಲ್ಲಿ ಹೆಸರಿನ ಬೆಲೆ ಎಷ್ಟೆಂಬುದನ್ನು ಅವರನ್ನು ಕೇಳಿ ತಿಳಿಯಬೇಕು. ನಮ್ಮಲ್ಲಿಯೂ, ಹೆಂಗಸರ ಹೆಸರನ್ನು ಹೇಳಲು ಮನೆಯವರು ಒಪ್ಪದಿದ್ದರೆ ‘ಹೆಣ್ಣು’ ಎಂದಿಷ್ಟು ಬರೆದುಕೊಂಡರೆ ಸಾಕೆಂದು ಹಳೆಯ ಗಣತಿಗಳ ಎಣಿಕೆದಾರರಿಗೆ ಸೂಚನೆಯಿದ್ದುದನ್ನು ಇಲ್ಲಿ ನೆನೆಯಬಹುದು.

ಆದರೆ ನಮಗೆ ಹೆಚ್ಚು ಪಾಠ ಹೇಳುವುದು ಐರ್ಲೆಂಡಿನ ಇತಿಹಾಸ. ನಮ್ಮಂತೆಯೇ ಪರಾಧೀನವಾಗಿದ್ದು, ನಮ್ಮಂತೆಯೇ ಕ್ಷಾಮದಿಂದ ಬೆಂದು, ನಮಗಿಂತ ಕಾಲು ಶತಮಾನ ಮುಂಚೆ ತನ್ನ ಮನೆಗೆ ತಾನೇ ಯಜಮಾನನಾದ ದೇಶವದು. ಅಲ್ಲಿ ೧೮೪೧ರ ಗಣತಿಯಲ್ಲಿ ೮೧,೭೫,೧೨೪ ಜನರಿದ್ದರು. ಆಲೂಗೆಡ್ಡೆಯ ಬೆಳೆ ಕೊಳೆತು ಮಹಾಕ್ಷಾಮ ಬಂದಿತು. ೧೮೫೧ರಲ್ಲಿ ಎಣಿಸಿದಾಗ ಸಿಕ್ಕವರು ೬೫,೫೨,೩೮೫. ಸತ್ತವರೂ ಹಡಗು ಹತ್ತಿ ಹೋದವರೂ ಸೇರಿ ಹದಿನಾರು ಲಕ್ಷಕ್ಕೂ ಮೇಲ್ಪಟ್ಟು ಮಂದಿ ಕಡಿಮೆ. ಈ ಎರಡು ಗಣತಿಗಳ ಮೂಲಪತ್ರಗಳು ಡಬ್ಲಿನ್ ನಗರದ ಪತ್ರಾಗಾರದಲ್ಲಿ ಉಳಿದಿದ್ದುವು.

ಅವುಗಳಿಂದ ಎಂತಹ ಉಪಯೋಗವಾಯಿತೆಂಬುದನ್ನು ಕೇಳಿರಿ. ೧೯೦೮ರಲ್ಲಿ ಬ್ರಿಟಿಷ್ ಸರ್ಕಾರದವರು ಎಪ್ಪತ್ತು ವರ್ಷ ತುಂಬಿದ ಬಡವರಿಗೆ ವಾರಕ್ಕೆ ಐದು ಷಿಲ್ಲಿಂಗುಗಳವರೆಗೆ ಪಿಂಚಣಿಯನ್ನು ಕೊಡುವ ಶಾಸನವನ್ನು ಮಾಡಿದರು. ಐರ್ಲೆಂಡಿನಲ್ಲಿ ಎಲ್ಲರ ಜನನವನ್ನೂ ದಾಖಲೆ ಮಾಡುವ ಪದ್ಧತಿ ಬಂದುದೇ ೧೮೬೪ರಲ್ಲಿ. ಎಪ್ಪತ್ತಾದ ಮುದುಕಿಯೊಬ್ಬಳು ತನ್ನ ವಯಸ್ಸನ್ನು ಹೇಗೆ ರುಜುವಾತುಪಡಿಸಬೇಕು? ಆಗ ಆ ವೃದ್ಧರು ತಮ್ಮ ತಂದೆತಾಯಿಗಳ ಹೆಸರನ್ನೂ ತಾವು ಮಗುವಾಗಿದ್ದಾಗ ವಾಸವಿದ್ದ ಗ್ರಾಮವನ್ನೂ ಬರೆದು ಕಳುಹಿಸಿದರು. ಪತ್ರಾಗಾರದ ಗುಮಾಸ್ತೆಗಳು ೧೮೪೧ ಮತ್ತು ೧೮೫೧ರ ಹಾಳೆಗಳನ್ನು ತಿರುವಿಹಾಕಿ, ಆ ಮನೆಯನ್ನು ಹುಡುಕಿ, ಒಳಗೆ ಎರಡು ವರ್ಷದ ಕೂಸಾಗಿಯೋ ಹನ್ನೆರಡು ವರ್ಷದ ಹುಡುಗಿಯಾಗಿಯೋ ಅವಳನ್ನು ಕಂಡುಹಿಡಿದು ವಯಸ್ಸನ್ನು ಖಚಿತಪಡಿಸಿದರು. ಅರುವತ್ತು ವರ್ಷಗಳ ಹಿಂದೆ ಪರರಾಜರ ಎಣಿಕೆದಾರನು ಗೀಚಿಕೊಂಡು ಹೋದ ಒಂದು ಸಾಲು ಬಡಮುದುಕಿಗೆ ವಾರವಾರವೂ ಅನ್ನವಾಯಿತು.

೧೯೨೨ರ ಜೂನ್ ಕಡೆಯ ದಿನಗಳಲ್ಲಿ ಆ ದೇಶದಲ್ಲಿ ಅಂತಃಕಲಹವು ಹೊತ್ತಿಕೊಂಡಿತು. ಡಬ್ಲಿನ್ನಿನ ನ್ಯಾಯಾಲಯಗಳ ಆವರಣದಲ್ಲಿ ಸೇರಿಕೊಂಡಿದ್ದವರ ಮೇಲೆ ಹೊಸ ಸರ್ಕಾರದವರು ಫಿರಂಗಿ ಹಾರಿಸಿದರು. ಅಲ್ಲಿಯೇ ಇದ್ದ ಪತ್ರಾಗಾರವು ಜೂನ್ ೩೦ರಂದು ಸಿಡಿದು ಉರಿದುಹೋಯಿತು. ೧೮೨೧ರಿಂದ ೧೮೫೧ರವರೆಗಿನ ನಾಲ್ಕು ಗಣತಿಗಳ ಪತ್ರಗಳಲ್ಲಿ ಅಲ್ಪಸ್ವಲ್ಪ ಹೊರತು ಉಳಿದದ್ದೆಲ್ಲ ಬೂದಿಯಾಯಿತು. ಆದರೆ ಆ ಪಿಂಚಣಿಗಾಗಿ ಮಾಡಿದ ಹುಡುಕಾಟದ ಅರ್ಜಿಗಳು ಬೇರೊಂದು ಕಡೆ ಇದ್ದುದರಿಂದ ಬದುಕಿದುವು. ಕ್ಷಾಮಕ್ಕೆ ಹಿಂದಿನ ಎಷ್ಟೋ ಮನೆಗಳ ಹೆಸರು ಇಂದು ದೊರೆಯುವುದು ಆ ಮುದುಕರ ಅರ್ಜಿಗಳಲ್ಲಿ ಮಾತ್ರ. ಇನ್ನು ೧೮೬೧ ಮತ್ತು ೧೮೭೧ರವನ್ನು ಸರ್ಕಾರದವರೇ ಲೆಕ್ಕ ತೆಗೆದ ಮೇಲೆ ನಾಶಮಾಡಿಸಿದ್ದರು. ೧೮೮೧ ಮತ್ತು ೧೮೯೧ರವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಾಗದದ ಅಭಾವವೆಂದು ಗಿರಣಿಗೆ ಹೋದುವು. ಶತ್ರುವಿನ ಗುಂಡಿಗಿಂತ ಗುಮಾಸ್ತೆಯ ಮಿತವ್ಯಯವೇ ಹೆಚ್ಚು ಹೆಸರುಗಳನ್ನು ತಿಂದಿತೋ ಏನೋ!

ಇಷ್ಟು ಕಳೆದುಕೊಂಡ ಮೇಲೆ ಐರಿಷರು ಉಳಿದದ್ದರ ಬೆಲೆಯನ್ನು ತಿಳಿದರು. ಸಂಪೂರ್ಣವಾಗಿ ಉಳಿದಿದ್ದ ೧೯೦೧ ಮತ್ತು ೧೯೧೧ರ ಹಾಳೆಗಳ ಛಾಯೆಯನ್ನು ತೆಗೆಯಿಸಿ, ಕಾಸು ಕೇಳದೆ, ಅಂತರ್ಜಾಲದ ಮೂಲಕ ಜಗತ್ತಿಗೆಲ್ಲ ತೆರೆದಿಟ್ಟರು. ಆ ಹಾಳೆಗಳಲ್ಲಿ ಮನೆಯ ಯಜಮಾನನ ಸ್ವಹಸ್ತಾಕ್ಷರವಿದೆ. ಓದುಬಾರದವನು ಹಾಕಿದ ಗುರುತಿದೆ. ಆಂಗ್ಲರ ಸರ್ಕಾರಕ್ಕೆ ಐರಿಷ್ ಭಾಷೆಯಲ್ಲಿಯೇ ಉತ್ತರ ಬರೆದುಕೊಟ್ಟವರ ಹಟವೂ ಇದೆ. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ನೆಲೆಸಿದ ಅವರ ಮೊಮ್ಮಕ್ಕಳು ಇವನ್ನು ನೋಡಿ ತಮ್ಮ ಗ್ರಾಮವನ್ನು ಹುಡುಕಿಕೊಂಡು ಬರುತ್ತಾರೆ. ಸ್ವತಂತ್ರ ರಾಜ್ಯವಾದ ಮೇಲೆ ೧೯೨೬ರ ಏಪ್ರಿಲ್ ೧೮ರಂದು ನಡೆದ ಮೊದಲನೆಯ ಗಣತಿಯ ಪತ್ರಗಳಿಗೆ ನೂರು ವರ್ಷದ ಬೀಗವನ್ನು ಹಾಕಿ, ತೆರೆಯುವ ತಿಂಗಳು ೨೦೨೬ರ ಏಪ್ರಿಲ್ ಎಂದು ಮುಂಚಿತವಾಗಿಯೇ ಗೊತ್ತುಮಾಡಿದರು. ಅಂದು ಎಣಿಸಲ್ಪಟ್ಟವರು ೨೯,೭೧,೯೯೨ ಜನ. ಅವರಲ್ಲಿ ಪ್ರತಿಯೊಬ್ಬರ ಹೆಸರೂ ಇದೆ.

ಈಗ ನಮ್ಮ ಮನೆಯ ಕಡೆ ತಿರುಗೋಣ. ಮೈಸೂರು ಸೀಮೆಯಲ್ಲಿ ೧೮೭೧ರಲ್ಲಿ ಗಣತಿಯಾದಾಗ ೫೦,೫೫,೪೧೨ ಜನರಿದ್ದರು. ಧಾತು, ಈಶ್ವರ ಸಂವತ್ಸರಗಳ ಬರ ಬಂದಿತು; ೧೮೭೬ರಿಂದ ೧೮೭೮ರವರೆಗಿನ ಆ ಬರದ ಮಾತನ್ನು ಹಿರಿಯರು ಮೊಮ್ಮಕ್ಕಳಿಗೆ ಹೇಳಿದ ಮನೆಗಳು ಹಳೆಯ ಮೈಸೂರಿನಲ್ಲಿ ಎಷ್ಟೋ ಇವೆ. ೧೮೮೧ರ ಫೆಬ್ರವರಿ ೧೭ರ ರಾತ್ರಿ ಮತ್ತೆ ಎಣಿಸಿದಾಗ ದೊರೆತ ಸಂಖ್ಯೆ ೪೧,೮೬,೧೮೮. ಸುಮಾರು ಐದು ವಾರಗಳ ತರುವಾಯ, ಮಾರ್ಚ್ ೨೫ರಂದು, ರಾಜ್ಯವು ಒಡೆಯರ ವಂಶಕ್ಕೆ ಹಿಂದಿರುಗಿತು. ಎಂಟು ಲಕ್ಷದ ಅರುವತ್ತೊಂಬತ್ತು ಸಾವಿರದ ಇನ್ನೂರ ಇಪ್ಪತ್ತನಾಲ್ಕು ತಲೆಗಳು ಕಡಿಮೆಯಾದ ರಾಜ್ಯ! ಅಂಕಿಯೇನೋ ನಮಗೆ ಕೊನೆಯ ಒಂದು ತಲೆಯವರೆಗೂ ಗೊತ್ತು. ಆದರೆ ಯಾವ ಹಳ್ಳಿಯ ಯಾವ ಮನೆಯಲ್ಲಿ ೧೮೭೧ರಲ್ಲಿ ಒಂಬತ್ತು ಮಂದಿಯಿದ್ದು ೧೮೮೧ರಲ್ಲಿ ಇಬ್ಬರು ಉಳಿದರು, ಆ ಇಬ್ಬರ ಹೆಸರೇನು, ಹೋದ ಏಳು ಮಂದಿ ಯಾರು ಎಂದು ಕೇಳಿದರೆ ಉತ್ತರ ಕೊಡುವ ಕಾಗದವು ದಫ್ತರದಲ್ಲಿಲ್ಲ. ಐರ್ಲೆಂಡಿನಲ್ಲಿ ಬೆಂಕಿಯಿಂದ ತಪ್ಪಿದ ಚೂರುಗಳಾದರೂ ಇವೆ. ನಮ್ಮಲ್ಲಿ ಹಾಳೆಗಳನ್ನು ಕಾಪಾಡತಕ್ಕದ್ದೆಂಬ ಯೋಚನೆಯೇ ಇರಲಿಲ್ಲ.

ಏಕೆಂದರೆ ಆಗಿನ ಸರ್ಕಾರಕ್ಕೆ ಬೇಕಾಗಿದ್ದುದು ಕೋಷ್ಟಕ. ೧೮೮೧ರಿಂದ ೧೯೩೧ರವರೆಗೆ ಹತ್ತು ಹತ್ತು ವರ್ಷಕ್ಕೊಂದು ರಾತ್ರಿ ದೇಶವೆಲ್ಲ ದೀಪ ಹಚ್ಚಿಕೊಂಡು ಕುಳಿತಿರುತ್ತಿದ್ದಿತು. ಶಾಲೆಯ ಉಪಾಧ್ಯಾಯರೂ ಶಾನುಭೋಗರೂ ಪಟೇಲರೂ ಕಂದೀಲು ಹಿಡಿದು ಮನೆ ಮನೆ ತಿರುಗಿ, ಮೊದಲೇ ಬರೆದಿಟ್ಟ ಪಟ್ಟಿಯಲ್ಲಿ ಸತ್ತವರನ್ನು ಹೊಡೆದುಹಾಕಿ, ಹುಟ್ಟಿದವರನ್ನೂ ಬಂದ ನೆಂಟರನ್ನೂ ಸೇರಿಸುತ್ತಿದ್ದರು. ಆ ಪಟ್ಟಿಗಳಿಂದ ಒಬ್ಬೊಬ್ಬನಿಗೆ ಒಂದೊಂದರಂತೆ ಚೀಟಿಗಳನ್ನು ಇಳಿಸಿ, ಚೀಟಿಗಳನ್ನು ಗೂಡುಗಳಲ್ಲಿ ವಿಂಗಡಿಸಿ ಎಣಿಸುವುದು ೧೯೦೧ರಿಂದ ಬಂದ ಪದ್ಧತಿ. ಲೆಕ್ಕ ಕೈಗೆ ಬಂದೊಡನೆ ಪಟ್ಟಿಯೂ ಚೀಟಿಯೂ ರದ್ದಿ. ಉಳಿದದ್ದು ದಪ್ಪ ದಪ್ಪ ವರದಿಗಳು. ೧೮೯೧ರ ಮೈಸೂರು ವರದಿಯನ್ನೋ ೧೯೧೧ರದನ್ನೋ ತೆರೆದರೆ ನಮ್ಮ ಜಾತಿಗಳ ಆಚಾರ, ಮದುವೆಯ ಕ್ರಮ, ಊಟದ ಕಟ್ಟಳೆಗಳು ಸವಿಸ್ತಾರವಾಗಿ ಸಿಕ್ಕುತ್ತವೆ. ನಮ್ಮ ಅಜ್ಜ ಸಿಕ್ಕುವುದಿಲ್ಲ. ಕುಲದ ವಿಷಯವಾಗಿ ಅಷ್ಟು ಕುತೂಹಲವಿದ್ದವರಿಗೆ ಮನುಷ್ಯನ ವಿಷಯವಾಗಿ ಕುತೂಹಲವಿರಲಿಲ್ಲ.

ಇದರಲ್ಲಿ ಒಂದು ವಿಚಿತ್ರವಿದೆ. ಅದೇ ಸರ್ಕಾರವು ಕೂಲಿಯಾಳುಗಳನ್ನು ಕರಾರಿನ ಮೇಲೆ ಸಮುದ್ರದಾಚೆಗೆ ಸಾಗಿಸಿದಾಗ ಒಬ್ಬೊಬ್ಬನ ಹೆಸರು, ತಂದೆಯ ಹೆಸರು, ಜಾತಿ, ಗ್ರಾಮ, ಠಾಣೆ, ಜಿಲ್ಲೆ, ಎತ್ತರ, ಮೈಮೇಲಿನ ಮಚ್ಚೆಗಳವರೆಗೆ ಬರೆದಿಟ್ಟಿತು. ೧೮೭೯ರಿಂದ ೧೯೧೬ರವರೆಗೆ ಫೀಜಿ ದ್ವೀಪಗಳಿಗೆ ಹೋದ ಅರುವತ್ತು ಸಾವಿರಕ್ಕೂ ಮೇಲ್ಪಟ್ಟ ಜನರ ಪರವಾನಿಗಳು ಉಳಿದಿವೆ; ಮಾರಿಷಸ್ಸಿನಲ್ಲಿ ಮಹಾತ್ಮಾ ಗಾಂಧಿ ಸಂಸ್ಥೆಯವರು ಆ ದ್ವೀಪದ ಕೂಲಿಗಳ ದಾಖಲೆಗಳನ್ನು ಇಟ್ಟುಕೊಂಡಿದ್ದಾರೆ. ಮಾಲಿನಂತೆ ಸಾಗಿಸಿದವನಿಗೆ ಬಿಲ್ಲು ಬೇಕಷ್ಟೆ! ಇಂದು ಫೀಜಿಯಲ್ಲಿರುವ ಮರಿಮಗನು ಆ ಪರವಾನಿಯನ್ನು ಹಿಡಿದು ತನ್ನ ಮೂಲಗ್ರಾಮಕ್ಕೆ ಬರಬಲ್ಲನು. ಬಂದು, ಅದೇ ಗ್ರಾಮದಲ್ಲಿ ಉಳಿದುಕೊಂಡಿದ್ದ ತನ್ನ ಮುತ್ತಜ್ಜನ ತಮ್ಮನ ವಿವರವನ್ನು ಕೇಳಿದರೆ, ಹಳ್ಳಿಯ ಯಾವ ಗಣತಿಪುಸ್ತಕವೂ ಅದನ್ನು ತೋರಿಸಲಾರದು.

ಪರರಾಜರ ಕಾಲದ್ದು ಹೋಗಲಿ ಎನ್ನಬಹುದು. ಸ್ವರಾಜ್ಯ ಬಂದ ಮೇಲೆ ೧೯೪೮ರಲ್ಲಿ ನಾವೇ ಮಾಡಿಕೊಂಡ ಜನಗಣತಿ ಶಾಸನದ ೧೫ನೆಯ ಪ್ರಕರಣವು ಏನು ಹೇಳುತ್ತದೆ? ಗಣತಿಯ ಅಧಿಕಾರಿಯು ಬರೆದ ಪುಸ್ತಕವನ್ನಾಗಲಿ ರಿಜಿಸ್ಟರನ್ನಾಗಲಿ ನೋಡುವ ಹಕ್ಕು ಯಾರಿಗೂ ಇಲ್ಲ. ಆ ಶಾಸನದ ಮೇರೆಗೇ ಹೂಡಿದ ಮೊಕದ್ದಮೆಗಳ ಹೊರತು ಬೇರೆ ಯಾವ ವ್ಯವಹಾರದಲ್ಲಿಯೂ ಅದರ ನಮೂದು ಸಾಕ್ಷ್ಯವಾಗುವುದಿಲ್ಲ. ಬದುಕಿರುವವರ ಗುಟ್ಟನ್ನು ಕಾಪಾಡುವ ಈ ಉದ್ದೇಶವನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಆದರೆ ಎಷ್ಟು ಕಾಲ? ಪ್ರಕರಣದಲ್ಲಿ ಕಾಲಾವಧಿಯ ಮಾತೇ ಇಲ್ಲ. ನೂರು ವರ್ಷದ ಹಿಂದೆ ಸತ್ತವನ ಹೆಸರನ್ನು ಅವನ ಮರಿಮಗನಿಂದ ಮುಚ್ಚಿಡುವುದರಲ್ಲಿ ಯಾರ ಮಾನವನ್ನು ಕಾಪಾಡಿದಂತಾಯಿತು?

ಇದು ಬಿಡುವಿದ್ದವರ ಕುತೂಹಲದ ವಿಷಯವೆಂದು ಅಧಿಕಾರಿವರ್ಗದವರು ಯಾರಾದರೂ ಭಾವಿಸಿದರೆ ಅವರು ಅಸ್ಸಾಮಿನ ಕಡೆ ನೋಡಬೇಕು. ೧೯೫೧ರ ಗಣತಿಯ ಕಾಲದಲ್ಲಿ ಚೀಟಿಗಳಿಂದ ಹೆಸರುಗಳನ್ನು ಇಳಿಸಿ ಪೌರರ ರಾಷ್ಟ್ರೀಯ ರಿಜಿಸ್ಟರೆಂಬ ಪುಸ್ತಕಗಳನ್ನು ಗ್ರಾಮವಾರಾಗಿ ಸಿದ್ಧಪಡಿಸಿದ್ದರು. ಆರು ದಶಕಗಳ ತರುವಾಯ ಸರ್ವೋಚ್ಚ ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಅಸ್ಸಾಮಿನವರ ಪೌರತ್ವವನ್ನು ಪರಿಶೀಲಿಸಹೊರಟಾಗ, ಆ ಪುಸ್ತಕವೂ, ೧೯೭೧ರ ಮಾರ್ಚ್ ೨೪ರ ಮಧ್ಯರಾತ್ರಿಯವರೆಗಿನ ಮತದಾರರ ಪಟ್ಟಿಗಳೂ ಮುಖ್ಯ ಆಧಾರಗಳಾದುವು. ಪ್ರತಿಯೊಬ್ಬ ಅರ್ಜಿದಾರನೂ ಇವುಗಳಲ್ಲಿಯೋ ಆ ಅವಧಿಯ ಬೇರೆ ದಾಖಲೆಯಲ್ಲಿಯೋ ತನ್ನ ಇಲ್ಲವೆ ತನ್ನ ಹಿರಿಯನ ಹೆಸರನ್ನು ತೋರಿಸಬೇಕು. ಆ ಹಿರಿಯನಿಗೂ ತನಗೂ ಇರುವ ಸಂಬಂಧವನ್ನು ಬೇರೆ ಕಾಗದದಿಂದ ಸ್ಥಾಪಿಸಬೇಕು. ಅಣ್ಣತಮ್ಮಂದಿರು ಬೇರೆ ಬೇರೆ ಕೊಟ್ಟ ವಂಶವೃಕ್ಷಗಳು ಒಂದಕ್ಕೊಂದು ತಾಳೆಯಾಗಬೇಕು. ಅಜ್ಜನ ಹೆಸರನ್ನು ಎಣಿಕೆದಾರನು ಒಂದು ಅಕ್ಷರ ಹೆಚ್ಚುಕಡಿಮೆ ಬರೆದಿದ್ದರೆ ಮೊಮ್ಮಗನು ಕಛೇರಿಯಿಂದ ಕಛೇರಿಗೆ ಅಲೆಯಬೇಕು. ಕೆಲವು ಭಾಗಗಳ ೧೯೫೧ರ ಪುಸ್ತಕಗಳು ಸಿಕ್ಕಲೇ ಇಲ್ಲ. ಎಲ್ಲರಿಗಿಂತಲೂ ಕಷ್ಟಕ್ಕೆ ಸಿಕ್ಕಿದವರು ಮದುವೆಯಾಗಿ ಬೇರೆ ಊರಿಗೆ ಹೋದ ಹೆಂಗಸರು. ಶಾಲೆಯ ದಾಖಲೆಯಿಲ್ಲ, ಜನನದ ದಾಖಲೆಯಿಲ್ಲ. ತಂದೆಯ ಮಗಳೆಂದು ಹೇಳಲು ಗ್ರಾಮಪಂಚಾಯಿತಿಯ ಕಾರ್ಯದರ್ಶಿಯು ಕೊಟ್ಟ ಚೀಟಿಯೊಂದೇ ಗತಿ. ೨೦೧೭ರ ಫೆಬ್ರವರಿಯಲ್ಲಿ ಗೌಹಾತಿಯ ಉಚ್ಚ ನ್ಯಾಯಾಲಯವು ಅದು ಸಲ್ಲದೆಂದಿತು. ಅದೇ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಶೀಲನೆಗೊಳಪಟ್ಟು ಸಲ್ಲುವುದೆಂದಿತು. ಆ ಒಂಬತ್ತು ತಿಂಗಳ ಕಾಲ ಲಕ್ಷಗಟ್ಟಲೆ ಸ್ತ್ರೀಯರು ಯಾವ ದೇಶದವರು?

೨೦೧೯ರ ಆಗಸ್ಟ್ ೩೧ರಂದು ಪಟ್ಟಿ ಪ್ರಕಟವಾಯಿತು. ಅರ್ಜಿ ಹಾಕಿದವರು ೩,೩೦,೨೭,೬೬೧; ಒಳಗೆ ಸೇರಿದವರು ೩,೧೧,೨೧,೦೦೪; ಹೊರಗುಳಿದವರು ೧೯,೦೬,೬೫೭. ಈ ಹತ್ತೊಂಬತ್ತು ಲಕ್ಷದಲ್ಲಿ ನಿಜವಾಗಿ ಹೊರನಾಡಿನಿಂದ ಬಂದವರೆಷ್ಟು, ಕಾಗದ ಕಳೆದುಕೊಂಡ ಸ್ವದೇಶಿಯರೆಷ್ಟು ಎಂಬುದನ್ನು ಬಲ್ಲವರಿಲ್ಲ. ಅಸ್ಸಾಮಿನ ಜನರಿಗೆ ವಲಸೆಯ ಭಯ ನಿಜವಾದದ್ದೇ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪ್ರಜೆಯಿಂದ ಅವನ ತಾತನ ಕಾಗದವನ್ನು ಕೇಳುವ ಸರ್ಕಾರವು, ಅದೇ ತಾತನ ಮನೆಗೆ ತಾನೇ ಹತ್ತು ವರ್ಷಕ್ಕೊಮ್ಮೆ ಹೋಗಿ ಬರೆದುಕೊಂಡು ಬಂದ ಹಾಳೆಗಳನ್ನು ಏನು ಮಾಡಿತೆಂಬುದಕ್ಕೆ ಉತ್ತರ ಹೇಳಬೇಕಾಗುತ್ತದೆ.

ನೆರೆಯ ಮಹಾರಾಷ್ಟ್ರದಲ್ಲಿಯೂ ಇದೇ ರೋಗದ ಬೇರೊಂದು ಲಕ್ಷಣ. ನಮ್ಮ ಬೀದರ, ಕಲಬುರ್ಗಿ, ರಾಯಚೂರುಗಳಂತೆ ಹಿಂದೆ ನಿಜಾಮರ ಆಳ್ವಿಕೆಯಲ್ಲಿದ್ದ ಮರಾಠವಾಡದಲ್ಲಿ, ಮರಾಠರು ತಮ್ಮ ಪೂರ್ವಿಕರು ಕುಣಬಿಗಳೆಂದು ತೋರಿಸಲು ನಿಜಾಮರ ಕಾಲದ ದಾಖಲೆಗಳನ್ನು ಹುಡುಕುವಂತಾಗಿ, ೨೦೨೩ರಲ್ಲಿ ಅದಕ್ಕೆಂದೇ ಸಮಿತಿಯೊಂದು ನೇಮಕವಾಯಿತು. ೨೦೨೫ರ ಸೆಪ್ಟೆಂಬರ್ ೨ರಂದು ಹೈದರಾಬಾದು ಗೆಜೆಟಿಯರನ್ನು ಆಧಾರವಾಗಿ ಹಿಡಿಯುವ ಆಜ್ಞೆಯೂ ಹೊರಟಿತು. ಆ ಬೇಡಿಕೆಯ ಯುಕ್ತಾಯುಕ್ತತೆಯನ್ನು ಇಲ್ಲಿ ನಾವು ಚರ್ಚಿಸುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇವೆ: ಅಂತಹ ಪುಸ್ತಕಗಳಲ್ಲಿ ಕುಣಬಿಗಳ ಸಂಖ್ಯೆ ಸಿಕ್ಕೀತು, ಇಂಥವನ ಅಜ್ಜ ಅವರಲ್ಲೊಬ್ಬನೆಂಬುದು ಸಿಕ್ಕದು.

ಹೆಸರುಗಳನ್ನು ಉಳಿಸುವುದರಲ್ಲಿಯೂ ಅಪಾಯವಿದೆಯೆನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಲೆಂಡಿನವರಷ್ಟು ಅಚ್ಚುಕಟ್ಟಾಗಿ ಜನರ ರಿಜಿಸ್ಟರನ್ನು ಇಟ್ಟವರಿರಲಿಲ್ಲ. ೧೯೪೦ರಲ್ಲಿ ಜರ್ಮನರು ಆ ದೇಶವನ್ನು ಹಿಡಿದಾಗ ಅದೇ ರಿಜಿಸ್ಟರು ಯೆಹೂದ್ಯರ ಮನೆಗಳಿಗೆ ದಾರಿ ತೋರಿಸಿತು. ಅಲ್ಲಿದ್ದ ಯೆಹೂದ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಹತರಾದರು. ೧೯೪೩ರ ಮಾರ್ಚ್ ೨೭ರಂದು ಆಂಸ್ಟರ್ಡಾಮಿನ ದೇಶಭಕ್ತರು ಪ್ರಾಣದ ಹಂಗು ತೊರೆದು ಆ ಕಛೇರಿಗೆ ಬೆಂಕಿಯಿಟ್ಟರು. ಅಮೆರಿಕದಲ್ಲಿಯೂ ಯುದ್ಧಕಾಲದ ಶಾಸನದಿಂದ ಗಣತಿಯ ರಹಸ್ಯವನ್ನು ಸಡಿಲಿಸಿ ಜಪಾನೀ ಮೂಲದವರ ವಿವರಗಳನ್ನು ಹೊರಗೆ ಕೊಟ್ಟರು. ಜಾತಿಯನ್ನೂ ಮತವನ್ನೂ ಬರೆದುಕೊಳ್ಳುವ ನಮ್ಮ ಹಾಳೆಗಳು ಗಲಭೆಯ ಕಾಲದಲ್ಲಿ ಕೆಟ್ಟವರ ಕೈಗೆ ಸಿಕ್ಕಿದರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ. ಆದ್ದರಿಂದಲೇ ಬೀಗವು ಭದ್ರವಾಗಿರಬೇಕು, ನೂರು ವರ್ಷಕ್ಕೆ ಕಡಿಮೆಯಾಗಕೂಡದು, ನಡುವೆ ಪೋಲೀಸಿನವನಿಗಾಗಲಿ ತೆರಿಗೆಯವನಿಗಾಗಲಿ ಮಂತ್ರಿಗಾಗಲಿ ಅದು ತೆರೆಯಕೂಡದು. ಹಾಲೆಂಡಿನಲ್ಲಿ ಬಲಿಯಾದದ್ದು ಬದುಕಿದ್ದವರ ವಿವರ. ಅದನ್ನು ಸುಟ್ಟಾದರೂ ಕಾಪಾಡಬೇಕಾದ ಸಂದರ್ಭ ಬೇರೆ. ಶಾಂತಿಯ ಕಾಲದಲ್ಲಿ ರದ್ದಿಗೆ ಹಾಕುವುದು ಬೇರೆ.

ಹಿಂದೆ ಜಾಗವಿಲ್ಲವೆಂಬ ನೆಪವಿದ್ದಿತು. ಕೋಟಿಗಟ್ಟಲೆ ಹಾಳೆಗಳನ್ನು ಎಲ್ಲಿಡುವುದು, ಗೆದ್ದಲು ಹಿಡಿದೀತು ಎನ್ನುತ್ತಿದ್ದರು. ಮುಂದಿನ ಗಣತಿಯನ್ನು ಕಾಗದದ ಬದಲು ಕೈಯಂತ್ರಗಳಲ್ಲಿ ದಾಖಲು ಮಾಡುವುದಾಗಿ ಸರ್ಕಾರದವರೇ ಹೇಳಿರುವುದರಿಂದ ಆ ನೆಪವೂ ಸಲ್ಲದು. ಯಂತ್ರಕ್ಕೂ ಅದರದೇ ಗೆದ್ದಲುಂಟೆಂಬುದನ್ನು ಮಾತ್ರ ಮರೆಯಕೂಡದು. ಇಂಗ್ಲೆಂಡಿನವರು ೧೯೮೬ರಲ್ಲಿ ತಮ್ಮ ದೇಶದ ವರ್ಣನೆಯನ್ನು ಹೊಸ ಬಗೆಯ ತಟ್ಟೆಗಳಲ್ಲಿ ತುಂಬಿಟ್ಟರು. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅವನ್ನು ಓದುವ ಯಂತ್ರವೇ ದುರ್ಲಭವಾಯಿತು. ೧೦೮೬ರಲ್ಲಿ ಚರ್ಮದ ಮೇಲೆ ಬರೆದ ಅವರ ಹಳೆಯ ಭೂಲೆಕ್ಕದ ಪುಸ್ತಕವನ್ನು ಇಂದಿಗೂ ಓದಬಹುದು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ೧೫ನೆಯ ಪ್ರಕರಣಕ್ಕೆ ಕಾಲಾವಧಿಯ ಒಂದು ವಾಕ್ಯವನ್ನು ಸೇರಿಸಿ, ನೂರು ವರ್ಷ ಕಳೆದ ಮೇಲೆ ಮೂಲ ವಿವರಗಳು ರಾಷ್ಟ್ರೀಯ ಪತ್ರಾಗಾರಕ್ಕೆ ಸೇರಿ ಸಾರ್ವಜನಿಕರಿಗೆ ತೆರೆಯತಕ್ಕದ್ದೆಂದು ವಿಧಿಸಬೇಕು. ಅದುವರೆಗೆ ಅವನ್ನು ಅಳಿಸುವುದು ಅಪರಾಧವಾಗಬೇಕು. ಅವು ಸಾಕ್ಷ್ಯವಾಗಕೂಡದೆಂಬ ನಿಯಮವು ಬದುಕಿರುವವರ ಮಟ್ಟಿಗೆ ಈಗಿನಂತೆಯೇ ಇರಲಿ. ೨೦೧೧ರಲ್ಲಿ ಕರ್ನಾಟಕದಲ್ಲಿ ಎಣಿಸಲ್ಪಟ್ಟ ೬,೧೦,೯೫,೨೯೭ ಜನರ ಮೂಲ ವಿವರಗಳು ಈಗ ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂದು ನಮ್ಮ ಲೋಕ ಸಭಾ ಸದಸ್ಯರು ಸಂಸತ್ತಿನಲ್ಲಿ ಕೇಳಲಿ. ಮತ್ತೊಂದು ಕೆಲಸವನ್ನು ದೆಹಲಿಯ ಅಪ್ಪಣೆಗೆ ಕಾಯದೆ ಇಲ್ಲಿಯೇ ಮಾಡಬಹುದು. ೧೯೫೧ರ ರಿಜಿಸ್ಟರುಗಳನ್ನು ಅಸ್ಸಾಮಿನಲ್ಲಿ ಮಾತ್ರವಲ್ಲ, ದೇಶದ ಇತರ ಪ್ರಾಂತಗಳಲ್ಲಿಯೂ ಬರೆಯಿಸಿದ್ದರು. ಹಳೆಯ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗುಗಳಿಂದ ಬಂದು ಸೇರಿದ ನಮ್ಮ ಜಿಲ್ಲೆಗಳ ಕಛೇರಿಗಳ ಹಿಂದಿನ ಕೋಣೆಗಳಲ್ಲಿ, ಕೆಂಪು ಬಟ್ಟೆಯ ಗಂಟುಗಳೊಳಗೆ, ಅವುಗಳಲ್ಲಿ ಒಂದೆರಡಾದರೂ ಇದ್ದರೆ ಪತ್ರಾಗಾರ ಇಲಾಖೆಯವರು ಅವನ್ನು ಹೊರತೆಗೆದು, ಗೆದ್ದಲು ಝಾಡಿಸಿ, ಛಾಯೆ ತೆಗೆಯಿಸಿ ಭದ್ರಪಡಿಸಲಿ. ಜಿಲ್ಲಾಧಿಕಾರಿಗಳಿಗೆ ಒಂದು ಸುತ್ತೋಲೆಯನ್ನು ಹೊರಡಿಸಿದರೆ ಸಾಕು. ರದ್ದಿ ಹರಾಜು ಕಛೇರಿಗಳಲ್ಲಿ ಪ್ರತಿ ವರ್ಷವೂ ನಡೆಯುತ್ತಿರುವುದರಿಂದ ಆ ಸುತ್ತೋಲೆಯು ಬೇಗ ಹೊರಟಷ್ಟೂ ಮೇಲು.